ಮಂಚಕ್ಕೆ ಯಾರಾದರೂ ಬರುತ್ತಾರೆ

ಕಾಯುವುದೆಂದರೆ ನನಗೆ ಮೈಯೆಲ್ಲ ಉರಿ. ಸಾಮಾನು ಸಾಗಿಸುವ ಸಣ್ಣ ಬಾಡಿಗೆ ಗಾಡಿ ನನ್ನದು. ಗಾಡಿ ನಿಂತರೆ ನಮ್ಮ ಮನೆಯ ಒಲೆಯೂ ನಿಂತಂತೆ. ಇದನ್ನು ಎಷ್ಟು ಬಾರಿ ಹೇಳಿದರೂ ಮಂಚದಕ್ಕ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. "ಐದೇ ನಿಮಿಷ ಕಣೋ, ಈಗ ಬಂದೆ" ಎಂದು ಯಾರದೋ ಮನೆಯ ಒಳಗೆ ಹೋದಳೆಂದರೆ ಮುಗಿಯಿತು. ನಾನು ಹಾರ್ನ್ ಹೊಡೆಯುತ್ತಿದ್ದೆ, ಗಾಡಿಯ ಗಾಜು ಒರೆಸುತ್ತಿದ್ದೆ, ಬೀದಿ ನಾಯಿಯ ಹತ್ತಿರ ಕಷ್ಟಸುಖ ಹೇಳಿಕೊಳ್ಳುತ್ತಿದ್ದೆ. ಅವಳು ಹೊರಗೆ ಬರುವಷ್ಟರಲ್ಲಿ ನನ್ನ ಸಂಸಾರದ ವಿಷಯವೆಲ್ಲ ಆ ನಾಯಿಗೆ ಬಾಯಿಪಾಠವಾಗಿರುತ್ತಿತ್ತು.

ಹೆಸರು ಕೇಳಿ ನಗಬೇಡಿ. ಅವಳ ಹೊಟ್ಟೆಪಾಡಿಗೂ ಮಂಚಕ್ಕೂ ಸಂಬಂಧವಿಲ್ಲ. ಮಾರುಕಟ್ಟೆ ಬೀದಿಯಲ್ಲಿ ಗುಂಡಿ, ಜಿಪ್ಪು, ದಾರದುಂಡೆ ಮಾರುವ ಅಂಗಡಿಯಲ್ಲಿ ಅವಳಿಗೆ ಕೆಲಸ. ಯಾರಾದರೂ ಒಂಟಿ ಗುಂಡಿ ಹಿಡಿದುಕೊಂಡು ಬಂದರೆ, ಗೋಡೆಗೆ ಜೋಡಿಸಿಟ್ಟ ಡಬ್ಬಗಳಲ್ಲಿ ಹುಡುಕಿ ಅಂಥದ್ದೇ ಇನ್ನೊಂದನ್ನು ತೆಗೆದುಕೊಡುತ್ತಿದ್ದಳು. ಮದುವೆಯಾಗಿರಲಿಲ್ಲ. ಅವಳ ಅಣ್ಣನಿಗೂ ಆಗಿರಲಿಲ್ಲ. ಇಬ್ಬರೂ ಒಂದು ಓಣಿಯ ಕೊನೆಯಲ್ಲಿ ಎರಡು ಕೋಣೆಯ ಮನೆಯಲ್ಲಿ ಇದ್ದರು. "ಊರವರ ಗುಂಡಿಗೆಲ್ಲ ಜೋಡಿ ಹುಡುಕ್ತೀಯ, ನಿನಗೊಂದು ಹುಡುಕ್ಕೊಳ್ಳಕ್ಕೆ ಆಗಲಿಲ್ವಲ್ಲೇ" ಎಂದು ಅಣ್ಣ ರೇಗಿಸುತ್ತಿದ್ದ. "ನಿನ್ನಂಥ ಗುಂಡಿ ಒಂದು ಮನೇಲಿದ್ಯಲ್ಲ, ಸಾಕು ಬಿಡು" ಎನ್ನುತ್ತಿದ್ದಳು ಅವಳು.

ಅಂಗಡಿ ಮುಚ್ಚಿದ ಮೇಲೆ ಮತ್ತು ರಜೆಯ ದಿನ ಅವಳು ಸಂಘದವಳು. ಔಷಧಿ ಅಂಗಡಿಯ ಮೇಲಿನ ಕೋಣೆಯೇ ನಮ್ಮ ಬಡಾವಣೆಯ ಸೇವಾ ಸಂಘ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಸಂಘದವರು ಕಬ್ಬಿಣದ ಮಂಚ, ಗಾಲಿ ಕುರ್ಚಿ, ಊರುಗೋಲು ಕೊಡುತ್ತಾರೆ. ಒಂದು ಕಾಸೂ ಕೇಳುವುದಿಲ್ಲ, ಬೇಕಾದಷ್ಟು ದಿನ ಇಟ್ಟುಕೊಳ್ಳಬಹುದು. ಮಂಚವೆಂದರೆ ಆಸ್ಪತ್ರೆಯ ಮಂಚದಂಥದ್ದು. ಕಾಲ ಬಳಿ ಒಂದು ಹಿಡಿಕೆ ಇರುತ್ತದೆ. ಅದನ್ನು ತಿರುಗಿಸಿದರೆ ತಲೆಯ ಕಡೆ ಮೇಲೇಳುತ್ತದೆ. ತಲೆಯ ಕಡೆ ಎದ್ದಿದ್ದರೆ ಮಂಚ ಬಾಗಿಲಲ್ಲಿ ಹಿಡಿಸುವುದಿಲ್ಲ, ನನ್ನ ಗಾಡಿಯಲ್ಲೂ ಕೂರುವುದಿಲ್ಲ. ಇಷ್ಟು ನೆನಪಿಟ್ಟುಕೊಳ್ಳಿ.

ಕೊಡುವುದೇನು, ಯಾರು ಬೇಕಾದರೂ ಕೊಡುತ್ತಾರೆ. ವಾಪಸ್ ತರುವುದೇ ಕಷ್ಟದ ಕೆಲಸ. ಮನುಷ್ಯ ಎದ್ದು ಓಡಾಡಿದರೆ ಮನೆಯವರೇ ನಗುನಗುತ್ತಾ ಫೋನ್ ಮಾಡುತ್ತಾರೆ. ಹೋಗಿಬಿಟ್ಟರೆ? ಮಂಚ ಮನೆಯಲ್ಲೇ ನಿಂತಿರುತ್ತದೆ. ಇಟ್ಟುಕೊಳ್ಳುವ ಹಾಗಿಲ್ಲ, ಸಾಗಿಸಲು ಮನಸ್ಸಿಲ್ಲ. ಅಂಥ ಮನೆಗೆ ಹೋಗುವವಳು ಮಂಚದಕ್ಕ. ಮನೆಯವರು ಅದನ್ನು ತಾವಾಗಿ ಹೊತ್ತು ತರುವಂತಾಗಬಾರದು ಎನ್ನುವುದು ಅವಳ ಹಟ. ಮೊದಲ ಸಲ ಹೋದಾಗ ಮಂಚದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕೂರುತ್ತಿದ್ದಳು, ಒಂದು ಲೋಟ ನೀರು ಕೇಳಿ ಕುಡಿಯುತ್ತಿದ್ದಳು. ಕಾಯಿಲೆಯ ವಿಷಯ ಎತ್ತುತ್ತಿರಲಿಲ್ಲ. "ಚೆನ್ನಾಗಿದ್ದಾಗ ಹೇಗಿದ್ರು?" ಎಂದು ಕೇಳಿ ಸುಮ್ಮನಾಗುತ್ತಿದ್ದಳು. ಆಮೇಲೆ ಮನೆಯವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಬರಿಗೈಯಲ್ಲಿ ಬಂದು ನನ್ನ ಪಕ್ಕ ಕೂರುತ್ತಿದ್ದಳು.

"ಮಂಚ ಎಲ್ಲಿ ಅಕ್ಕಾ?" ಎಂದು ನಾನು ಕಿರುಚುತ್ತಿದ್ದೆ. "ಇಷ್ಟು ಹೊತ್ತು ಕಾಯಿಸಿ ಬರಿಗೈ ಆಡಿಸ್ಕೊಂಡು ಬಂದ್ಯಲ್ಲ!"

"ಇನ್ನೊಂದು ಸಲ ಬರೋಣ. ಗಾಡಿ ತೆಗಿ, ಬಾಯಿ ಮುಚ್ಚು."

ಎರಡನೆಯ ಸಲ ಹೋದಾಗ ಮನೆಯವರ ಕೈಗೇ ಹಿಡಿಕೆ ಕೊಡುತ್ತಿದ್ದಳು. ಹೆಂಡತಿಯೋ ಮಗನೋ ಅದನ್ನು ಕಿರ್ರ್ ಕಿರ್ರ್ ಎಂದು ತಿರುಗಿಸಿ ತಲೆಯ ಕಡೆ ಇಳಿಸಿದ ಮೇಲೆ "ಬಾರಯ್ಯಾ, ಒಂದು ಕೈ ಹಾಕು" ಎಂದು ನನ್ನನ್ನು ಕರೆಯುತ್ತಿದ್ದಳು. ನಾನು ಎತ್ತುತ್ತಿದ್ದೆ, ಹಗ್ಗ ಬಿಗಿಯುತ್ತಿದ್ದೆ, ಅಷ್ಟೇ. ನಾನು ಸಂಘದವನಲ್ಲ. ನಾನು ಹೊರಗಿನವನು, ಗಾಡಿಯವನು.

ವರ್ಷಗಳು ಹೋದಂತೆ ಸಂಘ ಸವೆಯಿತು. ಕೆಲವರು ಹೋದರು, ಕೆಲವರಿಗೆ ಮೆಟ್ಟಿಲು ಹತ್ತುವ ಶಕ್ತಿ ಹೋಯಿತು. ಸಭೆ ಅಂದರೆ ಔಷಧಿ ಅಂಗಡಿಯ ಯಜಮಾನರು, ಮಂಚದಕ್ಕ ಮತ್ತು ಮೇಲೆ ತಿರುಗುವ ಫ್ಯಾನು. ಆ ಹೊತ್ತಿಗೇ ಅಣ್ಣ ಬಿದ್ದ.

ಅಣ್ಣ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸು ಬರುವ ಹೋಗುವ ಹೊತ್ತು ಹೇಳುತ್ತಿದ್ದವನು. ಅವನ ದನಿ ಕೇಳದವರು ಊರಲ್ಲಿ ಇರಲಿಲ್ಲ. ಬಚ್ಚಲಲ್ಲಿ ಬಿದ್ದವನಿಗೆ ಒಂದು ಕಡೆಯ ಕೈಕಾಲು ಹೋಯಿತು, ಮಾತೂ ಹೋಯಿತು. ನೋಡಿ, ಬೇರೆ ಏನು ಹೋಗಿದ್ದರೂ ಸಹಿಸಬಹುದಿತ್ತು. ಆ ಮನುಷ್ಯನ ಮಾತು ಹೋಗಬಾರದಿತ್ತು. ನಾನೇ ಸಂಘದ ಮಂಚವನ್ನು ಅವರ ಮನೆಯ ಮುಂದಿನ ಕೋಣೆಗೆ ತಂದು, ಕಿಟಕಿಯ ಪಕ್ಕ ಹಾಕಿಕೊಟ್ಟೆ. ಮಂಚ ಹಾಕಿದ ಮೇಲೆ ಆ ಕೋಣೆಯಲ್ಲಿ ಉಳಿದದ್ದು ಗೋಡೆಗಂಟಿದ ಒಂದು ಕುರ್ಚಿ, ಒಬ್ಬರು ಓರೆಯಾಗಿ ನಡೆಯುವಷ್ಟು ದಾರಿ. ಅಡುಗೆಮನೆಗೂ ಬಾಗಿಲಿಗೂ ನಡುವೆ ಅಕ್ಕ ಮಂಚವನ್ನು ಸುತ್ತು ಹಾಕಿಕೊಂಡೇ ಓಡಾಡಬೇಕಿತ್ತು. ಅಣ್ಣ ಸರಿಯಿದ್ದ ಕೈಯ ಬೆರಳನ್ನು ಗಾಳಿಯಲ್ಲಿ ತಿರುಗಿಸುತ್ತಿದ್ದ. ಹಾಗೆಂದರೆ ಇನ್ನೊಂದು ಸುತ್ತು ಎತ್ತು, ಬೀದಿ ಕಾಣಲಿ ಅಂತ. ಅವಳು ಎತ್ತುತ್ತಿದ್ದಳು. ಅಂಗಡಿಗೆ ಹೋಗುವ ಮುಂಚೆ, ಮಧ್ಯಾಹ್ನ ಓಡಿಬಂದು, ಸಂಜೆ ಬಂದು. ಸಂಘದ ಕಡೆ ತಲೆ ಹಾಕಲು ಅವಳಿಗೆ ಬಿಡುವೇ ಇರಲಿಲ್ಲ.

ಸಂಘಕ್ಕೆ ಹೊಸ ಹುಡುಗರು ಬಂದದ್ದು ಅದೇ ಸಮಯದಲ್ಲಿ. ಕಾಲೇಜಿನವರು, ಹೊಸದಾಗಿ ಕೆಲಸಕ್ಕೆ ಸೇರಿದವರು. ಸುಳ್ಳೇಕೆ ಹೇಳಲಿ, ಸಾಯುತ್ತಿದ್ದ ಸಂಘವನ್ನು ಎಬ್ಬಿಸಿ ಕೂರಿಸಿದವರು ಅವರೇ. ಕೋಣೆಗೆ ಸುಣ್ಣ ಹೊಡೆದರು, ತುಕ್ಕು ಹಿಡಿದ ಮಂಚಗಳಿಗೆ ಬಣ್ಣ ಹಚ್ಚಿದರು, ಎಲ್ಲರಿಗೂ ಒಂದೇ ನೀಲಿ ಅಂಗಿ ಹೊಲಿಸಿದರು. ಮೂರನೆಯ ಮಹಡಿಗೆ ಮಂಚ ಹತ್ತಿಸುವಾಗ ನನ್ನ ಬೆನ್ನು ಮುರಿಯುತ್ತಿತ್ತು; ಈಗ ನಾಲ್ಕು ಹುಡುಗರು ಹೋ ಎಂದು ಎತ್ತಿಕೊಂಡು ಓಡುತ್ತಾರೆ. ಇಡೀ ಊರಿಗೆ ಫೋನಿನಲ್ಲೇ ಸೇವೆ. ಮಂಚ ಬೇಕೆಂದು ಬೆಳಿಗ್ಗೆ ಹೇಳಿದರೆ ಸಂಜೆಗೆ ಮನೆಯಲ್ಲಿ. ವಾಪಸ್ ತರುವುದೂ ಅಷ್ಟೇ ಚುರುಕು. "ಆಂಟಿ, ಮಂಚಕ್ಕೆ ಬಂದಿದ್ವಿ" ಎನ್ನುವುದು, ಒಬ್ಬ ಹಿಡಿಕೆ ತಿರುಗಿಸುವುದು, ಇಬ್ಬರು ಎತ್ತುವುದು, ಮುಗಿಯಿತು. ನನಗೆ ಕಾಯುವ ಕಾಟ ತಪ್ಪಿತು. ಬೀದಿ ನಾಯಿಗಳ ಜೊತೆ ನನ್ನ ಸ್ನೇಹವೂ ಕಡಿಮೆಯಾಯಿತು.

ಅಣ್ಣ ಹೋದ. ಔಷಧಿ ಅಂಗಡಿಯ ಯಜಮಾನರು ಕೋಲೂರಿಕೊಂಡು ಬಂದು ಹೋದರು, ಹುಡುಗರಲ್ಲಿ ಇಬ್ಬರು ಹೂವಿನ ಹಾರ ತಂದು ಹೋದರು. ಆಮೇಲೆ ಒಂದು ದಿನ ಆ ಓಣಿಗೆ ಬಾಡಿಗೆ ಬಿದ್ದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಮಂಚ ಕಾಣುತ್ತಿತ್ತು. ತಲೆಯ ಕಡೆ ಇನ್ನೂ ಎತ್ತಿಯೇ ಇತ್ತು, ಯಾರೋ ಒರಗಿಕೊಂಡು ಬೀದಿ ನೋಡುತ್ತಿರುವ ಹಾಗೆ.

"ಹೆಂಗೂ ಬಂದಿದ್ದೀನಿ, ಮಂಚ ಹಾಕ್ಕೊಂಡು ಹೋಗ್ಲಾ ಅಕ್ಕ?" ಎಂದೆ.

"ನೀನ್ಯಾಕೋ? ಸಂಘದಿಂದ ಯಾರಾದ್ರೂ ಬರ್ತಾರೆ ಬಿಡು" ಎಂದಳು.

ಆಗ ನನಗೆ ಹೊಳೆಯಿತು. ಸಂಘದಿಂದ ಹೀಗೆ ಹೋಗುತ್ತಿದ್ದವಳು ಅವಳೊಬ್ಬಳೇ. ಅವಳ ಮನೆಗೆ ಯಾರು ಬರಬೇಕು? ಹಳಬರಿಗೆ ಕಾಲಿಲ್ಲ, ಹೊಸಬರಿಗೆ ಗೊತ್ತಿಲ್ಲ. ಆದರೂ ಅವಳು ಕಾದಳು. ಅಂಗಡಿಯಿಂದ ಬೇಗ ಬಂದು ಕುರ್ಚಿಯ ಮೇಲಿನ ಬಟ್ಟೆ ತೆಗೆದಿಡುತ್ತಿದ್ದಳು, ಯಾರಾದರೂ ಬಂದರೆ ಕೂರಲಿ ಎಂದು. ಇದನ್ನು ಎದುರುಮನೆಯ ಹೆಂಗಸು ಆಮೇಲೆ ನನಗೆ ಹೇಳಿದಳು. ತಿಂಗಳುಗಟ್ಟಲೆ ಯಾರೂ ಬರಲಿಲ್ಲ. ಅಂಗಡಿಯಲ್ಲಿ ಅವಳು ಮಾತು ಕಡಿಮೆ ಮಾಡಿದಳು. ಒಂಟಿ ಗುಂಡಿ ತಂದವರಿಗೆ "ಇಲ್ಲ" ಎಂದು ಹೇಳಿ ಕಳಿಸುತ್ತಿದ್ದಳಂತೆ, ಡಬ್ಬ ತೆಗೆದೂ ನೋಡದೆ.

ಹೀಗಿರುವಾಗ ಬೇಕರಿ ಕೆಲಸದವನೊಬ್ಬನ ಹೆಂಡತಿಯ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರೆ, ಮಂಚ ಬೇಕು. ಸಂಘದ ಮಂಚಗಳೆಲ್ಲ ಯಾವ ಯಾವುದೋ ಮನೆಯಲ್ಲಿ. ಖಾಲಿ ಇರುವುದು ಒಂದೇ, ಅಕ್ಕನ ಮನೆಯದು. ಹುಡುಗರು ಗಾಡಿ ತರಲು ಹೇಳಿದರು. ಎಲ್ಲಿಗೆ ಎಂದು ಓಣಿಗೆ ತಿರುಗಿದ ಮೇಲಷ್ಟೇ ನನಗೆ ತಿಳಿಯಿತು.

ಮೂವರು ನೀಲಿ ಅಂಗಿಯವರು ಇಳಿದರು, ಇಬ್ಬರು ಹುಡುಗರು, ಕನ್ನಡಕ ಹಾಕಿದ ಒಬ್ಬ ಹುಡುಗಿ. ಅವರ ಮುಖಂಡ, ಗಡ್ಡ ಬಿಟ್ಟ ಹುಡುಗ, ಬಾಗಿಲು ತಟ್ಟಿದ. ಅಕ್ಕ ಬಾಗಿಲು ತೆರೆದಳು. ನೀಲಿ ಅಂಗಿ ನೋಡಿದ್ದೇ ಅವಳ ಮುಖ ಅರಳಿತು. ನಾನು ಕಣ್ಣಾರೆ ನೋಡಿದೆ. ಸೆರಗು ಸರಿಮಾಡಿಕೊಂಡು "ಬನ್ನಿ, ಬನ್ನಿ, ಕೂತ್ಕೊಳ್ಳಿ" ಎಂದಳು.

"ಕೂರಕ್ಕೆ ಟೈಮಿಲ್ಲ ಮೇಡಂ, ಮಂಚಕ್ಕೆ ಬಂದಿದ್ವಿ. ಸೊಂಟ ಮುರಿದ ಹೆಂಗಸೊಬ್ಬರನ್ನ ನಾಳೆ ಮನೆಗೆ ಕಳಿಸ್ತಾರೆ" ಎಂದ ಗಡ್ಡದವನು. ಇನ್ನೊಬ್ಬ ಆಗಲೇ ಒಳಗೆ ಹೋಗಿ ಹಿಡಿಕೆಗೆ ಕೈ ಹಾಕಿದ್ದ. ಕಿರ್ರ್ ಎಂದು ಒಂದು ಸದ್ದು ಬಂತು.

"ಬಿಡು ಅದನ್ನ!"

ಅಕ್ಕ ಹಾಗೆ ಕಿರುಚಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹುಡುಗ ಕೈ ಸುಟ್ಟವನ ಹಾಗೆ ಹಿಂದೆ ಸರಿದ. ಅಕ್ಕ ದನಿ ಇಳಿಸಿ "ಇವತ್ತು ಆಗಲ್ಲಪ್ಪ. ಹೋಗ್ಬನ್ನಿ" ಎಂದು ಬಾಗಿಲು ಹಾಕಿಕೊಂಡಳು.

ವಾಪಸ್ ಬರುವಾಗ ಗಡ್ಡದವನು ಹಿಂದಿನಿಂದ ಗೊಣಗಿದ. "ಅಲ್ಲಿ ಪೇಷೆಂಟ್ ನೆಲದ ಮೇಲೆ ಮಲಗೋ ಹಾಗಾಗಿದೆ, ಇಲ್ಲಿ ಇವರು ಸಂಘದ ಮಂಚ ತಬ್ಕೊಂಡು ಕೂತಿದ್ದಾರೆ. ಸಂಘದಲ್ಲಿದ್ದವರೇ ಹೀಗೆ ಮಾಡಿದ್ರೆ?"

ನನ್ನ ಪಿತ್ತ ನೆತ್ತಿಗೇರಿತು. ರಸ್ತೆ ಮಧ್ಯೆಯೇ ಬ್ರೇಕ್ ಹಾಕಿದೆ. ಹಿಂದಿದ್ದ ಸ್ಕೂಟರಿನವನು ನನ್ನ ವಂಶವನ್ನೇ ಬೈದುಕೊಂಡು ಹೋದ.

"ಇಳೀರಿ ಎಲ್ಲಾರೂ!" ಎಂದೆ. "ಯಾರ ಬಗ್ಗೆ ಮಾತಾಡ್ತಿದ್ದೀರಿ ಗೊತ್ತಾ? ನೀವು ಹೆಗಲ ಮೇಲೆ ಹೊತ್ಕೊಂಡು ಓಡಾಡ್ತೀರಲ್ಲ, ಆ ಸಂಘ ಉಳಿದಿದ್ದೇ ಅವಳಿಂದ. ಅವಳು ಹೋಗದೇ ಇರೋ ಮನೆ ಇಲ್ಲ ಈ ಊರಲ್ಲಿ. ಈಗ ಅವಳ ಮನೇಲೇ ಸಾವಾಗಿದೆ. ಒಬ್ಬರಾದ್ರೂ ಹೋಗಿ ಹತ್ತು ನಿಮಿಷ ಕೂತಿದ್ದೀರಾ?"

ಯಾರೂ ಇಳಿಯಲಿಲ್ಲ. ನನ್ನ ಪಕ್ಕ ಕೂತಿದ್ದ ಕನ್ನಡಕದ ಹುಡುಗಿ ಮೆಲ್ಲಗೆ ಕೇಳಿದಳು, "ಅವರು ಹೋಗ್ತಿದ್ದಾಗ ಏನ್ ಮಾಡ್ತಿದ್ರು ಅಂಕಲ್?"

ಹೇಳಿದೆ. ನೀರಿನ ಲೋಟದ ವಿಷಯ, ಕೇಳುತ್ತಿದ್ದ ಪ್ರಶ್ನೆ, ಬರಿಗೈಯಲ್ಲಿ ಬರುತ್ತಿದ್ದದ್ದು, ಹಿಡಿಕೆಯನ್ನು ಮನೆಯವರ ಕೈಗೇ ಕೊಡುತ್ತಿದ್ದದ್ದು. ಹೇಳುತ್ತಾ ಹೇಳುತ್ತಾ ಆಶ್ಚರ್ಯವಾಯಿತು. ಹೊರಗೆ ನಿಂತು ಹಾರ್ನ್ ಹೊಡೆಯುತ್ತಿದ್ದ ನನಗೆ ಇಷ್ಟೆಲ್ಲ ನೆನಪಿತ್ತು. ಗಡ್ಡದವನು ತಲೆ ಕೆರೆದುಕೊಂಡ. "ನಮಗೆ ಯಾರೂ ಹೇಳಲೇ ಇಲ್ವಲ್ಲ" ಎಂದ. ಅವನ ಮಾತಿನಲ್ಲೂ ತಪ್ಪಿರಲಿಲ್ಲ. ಹೇಳಬೇಕಾದವಳು ಆ ದಿನಗಳಲ್ಲಿ ಹಿಡಿಕೆ ತಿರುಗಿಸುತ್ತಾ ಕೂತಿದ್ದಳು.

ಅದೇ ಸಂಜೆ ಹುಡುಗಿ ಒಬ್ಬಳೇ ಬಂದಳು. "ಅಂಕಲ್, ಗಾಡಿ ಬೇಡ, ನೀವು ಬಂದ್ರೆ ಸಾಕು. ನನಗೆ ಭಯ ಆಗ್ತಿದೆ" ಎಂದಳು. ನಾನು ಹೋಗಿ ಬಾಗಿಲ ಹೊರಗೆ, ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂತೆ. ಹಾರ್ನ್ ಇರಲಿಲ್ಲ, ಸುಮ್ಮನೆ ಕೂರಬೇಕಾಯಿತು.

ಅಕ್ಕ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು. ಹುಡುಗಿ ಒಳಗೆ ಹೋಗಿ ಕುರ್ಚಿಯಲ್ಲಿ ಕೂತದ್ದು ಸದ್ದಿನಿಂದ ತಿಳಿಯಿತು. "ಒಂದು ಲೋಟ ನೀರು ಕೊಡ್ತೀರಾ ಅಕ್ಕ?" ಎಂದಳು. ಅಕ್ಕ ತಂದುಕೊಟ್ಟಳು. ಆಮೇಲೆ, ಪಾಪ, ಹುಡುಗಿಗೆ ಮಾತು ಹೊರಡುತ್ತಿಲ್ಲ. ನನಗೋ ಒಳಗೆ ನುಗ್ಗಿ ನಾನೇ ಕೇಳಿಬಿಡೋಣ ಅನ್ನಿಸುತ್ತಿತ್ತು.

"ಅಣ್ಣ... ಚೆನ್ನಾಗಿದ್ದಾಗ ಹೇಗಿದ್ರು ಅಕ್ಕ?"

ಅಕ್ಕ ಫಕ್ಕನೆ ನಕ್ಕಳು.

"ಅಯ್ಯೋ, ಅವನಾ! ಮನೇಲೂ ಮೈಕ್ ಹಿಡಿದ ಹಾಗೇ ಮಾತಾಡೋನು ಕಣಮ್ಮ. ‘ಪ್ರಯಾಣಿಕರ ಗಮನಕ್ಕೆ, ನೀರು ಕಾದಿದೆ, ಸ್ನಾನಕ್ಕೆ ಹೊರಡುವವರು ಕೂಡಲೇ ಹೊರಡಬೇಕು’ ಅನ್ನೋನು. ಅಂಗಡಿಯಿಂದ ತಡವಾಗಿ ಬಂದ್ರೆ ‘ಒಂದು ಗಂಟೆ ತಡವಾಗಿ ಆಗಮಿಸುತ್ತಿದೆ’ ಅನ್ನೋನು, ಬೀದಿಯವರಿಗೆಲ್ಲ ಕೇಳೋ ಹಾಗೆ. ನಾಚಿಕೆ ಆಗೋದು ನನಗೆ. ಬಾಯಿ ಮುಚ್ಕೊಳ್ಳೋ ಅಂತ ಬೈದಿದ್ದೀನಿ, ದಿನಾ ಬೈದಿದ್ದೀನಿ. ಮುಚ್ಕೊಂಡ ನೋಡು. ಒಂದೇ ಸಲ ಮುಚ್ಕೊಂಡ."

ಆಮೇಲೆ ಅವಳು ಅತ್ತಳು. ಬಾಯಿಗೆ ಸೆರಗು ಅಡ್ಡ ಹಿಡಿದು ಅಳುವ ಅಳು ಅಲ್ಲ ಅದು, ಮನೆಯಲ್ಲಿ ಇನ್ನು ಯಾರಿಗೂ ಎಚ್ಚರವಾಗಲಾರದು ಎಂದು ಗೊತ್ತಿರುವವರ ಅಳು. ನನ್ನ ಕಣ್ಣಿನಲ್ಲೂ ನೀರು ಬಂತು. ಹುಡುಗಿ ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಬುದ್ಧಿವಂತೆ.

ಬೀದಿ ದೀಪ ಹತ್ತಿಕೊಂಡ ಮೇಲೆ ಹುಡುಗಿ ಬಾಗಿಲಿಗೆ ಬಂದು ಚಪ್ಪಲಿ ಹಾಕಿಕೊಂಡಳು. ಅಕ್ಕ ಹಿಂದೆಯೇ ಬಂದಳು.

"ಮಂಚ ಬೇಡ್ವಾ? ಆ ಹೆಂಗಸನ್ನ ನಾಳೆ ಮನೆಗೆ ಕಳಿಸ್ತಾರಂತಲ್ಲ."

"ಅದಕ್ಕೆ ಇನ್ನೊಂದು ಸಲ ಬರ್ತೀನಿ ಅಕ್ಕ" ಎಂದಳು ಹುಡುಗಿ. "ನಾಳೆ ಬೆಳಿಗ್ಗೆ ಬರ್ಲಾ?"

ಅಕ್ಕ ಅವಳನ್ನೇ ನೋಡಿದಳು. ಆಮೇಲೆ ಕಟ್ಟೆಯ ಮೇಲಿದ್ದ ನನ್ನ ಕಡೆ ತಿರುಗಿದಳು. "ನಿನ್ನ ಬಾಯಲ್ಲಿ ಏನೂ ನಿಲ್ಲಲ್ಲ ಅಲ್ವೇನೋ" ಎಂದಳು. ಬೈಗುಳ ಎಷ್ಟೋ ದಿನದ ಮೇಲೆ ಅವಳ ಬಾಯಿಗೆ ಬಂದಿತ್ತು. ಕೇಳಿ ನನಗೆ ಜೀವ ಬಂದಂತಾಯಿತು.

ಬೆಳಿಗ್ಗೆ ಎಲ್ಲರೂ ಹೋದೆವು. ಹುಡುಗರು ಬಾಗಿಲಲ್ಲೇ ನಿಂತರು. ಅಕ್ಕ ಹಾಸಿಗೆ ಸುತ್ತಿಟ್ಟಿದ್ದಳು, ಮಂಚ ಒರೆಸಿದ್ದಳು, ತಲೆಯ ಕಡೆ ಮಾತ್ರ ಹಾಗೆಯೇ ಎತ್ತಿತ್ತು. ಹುಡುಗಿ ಹಿಡಿಕೆಯತ್ತ ನೋಡಿದಳು. ಅಕ್ಕ ಮೊಣಕಾಲೂರಿ ಕೂತು ಹಿಡಿಕೆ ಹಿಡಿದಳು. ಕಿರ್ರ್ ಎಂದು ಒಂದು ಸುತ್ತು ತಿರುಗಿಸಿ, ಕಿಟಕಿಯ ಕಡೆ ನೋಡಿ, ಮತ್ತೆ ತಿರುಗಿಸಿದಳು. ಬೀದಿ ಇನ್ನು ಕಾಣುವುದಿಲ್ಲ ಎನ್ನುವ ಎತ್ತರಕ್ಕೆ ಬಂದಾಗ ಅವಳ ಕೈ ನಿಂತಿತು. ಯಾರೂ ಅವಸರ ಮಾಡಲಿಲ್ಲ, ನಾನೂ ಮಾಡಲಿಲ್ಲ. ಕೊನೆಗೆ ಮಂಚ ಸಪಾಟಾಯಿತು. "ಎತ್ಕೊಳ್ಳಿ" ಎಂದಳು.

ಗಡ್ಡದವನು ಕೇಳಿದ, "ನೀವೂ ಬನ್ನಿ ಅಕ್ಕ. ಆ ಮನೆಯವರಿಗೆ ಹೇಗೆ ಬಳಸೋದು ಅಂತ ತೋರಿಸಿಕೊಡಿ. ನಮಗೂ ಕಲಿಸಿಕೊಡಿ."

"ಇನ್ನೊಂದು ದಿನ ಬರ್ತೀನಪ್ಪ. ಇವತ್ತು ನಾನು ಸಂಘದವಳಲ್ಲ, ಮನೆಯವಳು."

ಮಂಚ ಗಾಡಿಗೆ ಹತ್ತಿತು, ಹುಡುಗರೂ ಹತ್ತಿದರು. ಕಟ್ಟಲು ನೋಡಿದರೆ ಹಗ್ಗವಿಲ್ಲ; ಅವಳ ಕೋಣೆಯಲ್ಲೇ ಬಿಟ್ಟಿದ್ದೆ. ಮತ್ತೆ ಒಳಗೆ ಹೋದೆ. ಹಗ್ಗ ಕುರ್ಚಿಯ ಮೇಲಿತ್ತು. ಅಕ್ಕ ಕಿಟಕಿಯ ಹತ್ತಿರ ನಿಂತಿದ್ದಳು. ಮಂಚದ ನಾಲ್ಕು ಕಾಲಿದ್ದ ಕಡೆ ನೆಲದಲ್ಲಿ ತುಕ್ಕಿನ ಗುರುತು. ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾಗಿಬಿಟ್ಟಿತ್ತು, ಮಾತಾಡಿದರೆ ಮಾರ್ದನಿ ಬರುವಷ್ಟು.

"ನೀರು ಕುಡೀತೀಯೇನೋ? ಬೆವೆತಿದ್ದೀಯ" ಎಂದು ಅವಳು ಅಡುಗೆಮನೆಯ ಕಡೆ ಹೊರಟಳು. ನೇರವಾಗಿ ನಡೆದಿದ್ದರೆ ನಾಲ್ಕು ಹೆಜ್ಜೆಯ ದಾರಿ. ಅವಳು ಗೋಡೆ ಸವರಿಕೊಂಡು, ಓರೆಯಾಗಿ, ಆ ನಾಲ್ಕು ಗುರುತುಗಳನ್ನು ಸುತ್ತು ಹಾಕಿ ಹೋದಳು. ನೀರಿನ ಲೋಟ ಹಿಡಿದು ಬರುವಾಗಲೂ ಹಾಗೆಯೇ ಸುತ್ತಿ ಬಂದಳು.

ಲೋಟ ತೆಗೆದುಕೊಂಡೆ. ಹಗ್ಗವನ್ನು ಕೆಳಗಿಟ್ಟು, ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ, ಆ ಕುರ್ಚಿಯಲ್ಲಿ ಕೂತೆ.

ಹೊರಗೆ ಹುಡುಗರು ಹಾರ್ನ್ ಹೊಡೆದರು. ಅಕ್ಕ ಬಾಗಿಲ ಕಡೆ ನೋಡಿ "ಕರೀತಿದ್ದಾರೆ ಕಣೋ" ಎಂದಳು.

"ಐದೇ ನಿಮಿಷ, ಕಾಯ್ತಾರೆ ಬಿಡಕ್ಕ" ಎಂದೆ. "ನೀನೂ ಕೂತ್ಕೋ."